ಲೀ ಮಹಾಶಯನ ತೋಟಾಪೆಟ್ಟಿಗೆ

‘ತ್ರೀ ನಾಟ್ ತ್ರೀ’ ಎಂಬ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಖಜಾನೆಯ ಬಾಗಿಲಲ್ಲಿ ನಿಂತ ಪಹರೆಯವನ ಹೆಗಲ ಮೇಲೆ, ಮತಗಟ್ಟೆಯ ಮುಂದೆ, ಹಬ್ಬದ ದಿನದ ಕವಾಯತಿನಲ್ಲಿ ಆ ಭಾರವಾದ ರೈಫಲನ್ನು ಹಲವು ತಲೆಮಾರಿನವರು ಕಂಡಿದ್ದಾರೆ; ನಾನೂ ಕಂಡಿದ್ದೇನೆ. ಅದರ ನಿಜವಾದ ಹೆಸರು ಲೀ-ಎನ್‌ಫೀಲ್ಡ್. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಸ್ಥಳ. ಬ್ರಿಟಿಷ್ ಸರಕಾರದ ಬಂದೂಕಿನ ಕಾರ್ಖಾನೆ ಅಲ್ಲಿದ್ದಿತು. ಲೀ ಎಂಬುದು ಮನುಷ್ಯನ ಹೆಸರು. ಆ ರೈಫಲ್ಲಿನಿಂದ ಗೆದ್ದ ಮತ್ತು ಸೋತ ಕಾಳಗಗಳ ವರ್ಣನೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಆ ಮನುಷ್ಯನನ್ನು ಕುರಿತು ಮಾತ್ರ ಒಂದೆರಡು ವಾಕ್ಯಗಳೂ ದೊರೆಯುವುದು ಕಷ್ಟ. ಆತನ ಬಾಳಿನಲ್ಲಿ ನನಗೆ ವಿಶೇಷವಾಗಿ ಕಂಡುಬಂದದ್ದು ಒಂದೇ ಸಂಗತಿ. ಆತನ ಹೆಸರನ್ನು ಲೋಕದಲ್ಲೆಲ್ಲ ಹೊತ್ತು ತಿರುಗಿದ ಆಯುಧದಲ್ಲಿ, ಆತನ ಅತ್ಯುತ್ತಮ ಕಲ್ಪನೆಯನ್ನು ಆತನು ಎಣಿಸಿದಂತೆ ಯಾರೂ ಬಳಸಲಿಲ್ಲ.

ಜೇಮ್ಸ್ ಪ್ಯಾರಿಸ್ ಲೀ ಹುಟ್ಟಿದ್ದು 1831ರ ಆಗಸ್ಟ್ 9ರಂದು, ಸ್ಕಾಟ್ಲೆಂಡಿನ ಹಾವಿಕ್ ಎಂಬ ಪಟ್ಟಣದಲ್ಲಿ. ಮಗು ಐದು ವರ್ಷದ್ದಾಗುವ ಹೊತ್ತಿಗೆ ಸಂಸಾರವು ಸಮುದ್ರ ದಾಟಿ ಕೆನಡಾದ ಗಾಲ್ಟ್ ಎಂಬ ಊರನ್ನು ಸೇರಿತು. ತಂದೆ ಗಡಿಯಾರ ರಿಪೇರಿಯವನು. ಸಣ್ಣ ಸಣ್ಣ ಹಲ್ಲುಚಕ್ರಗಳೂ ಕೂದಲೆಳೆಯಂತಹ ಸ್ಪ್ರಿಂಗುಗಳೂ ಹುಡುಗನ ಆಟದ ಸಾಮಾನುಗಳಾದವು. ಹನ್ನೆರಡನೆಯ ವಯಸ್ಸಿನಲ್ಲಿ ಆತನು ಒಂದು ಹಳೆಯ ಪಿಸ್ತೂಲಿನ ನಳಿಗೆಗೆ ತಾನೇ ಕೆತ್ತಿದ ಆಕ್ರೋಟಿನ ಮರದ ಹಿಡಿಯನ್ನು ಜೋಡಿಸಿ ಬಂದೂಕೊಂದನ್ನು ಮಾಡಿದನು. ಅದು ಸರಿಯಾಗಿ ಹಾರಲಿಲ್ಲ. ತಂದೆಯ ಅಂಗಡಿಯಲ್ಲಿ ವಿದ್ಯೆ ಕಲಿತ ಮೇಲೆ ಆತನು ಚಾಥಮ್ ಎಂಬಲ್ಲಿ ಸ್ವಂತ ಗಡಿಯಾರದ ಅಂಗಡಿಯನ್ನು ತೆರೆದನು, ಅಲ್ಲಿಯೇ ವಿವಾಹವಾದನು, ಇಬ್ಬರು ಗಂಡುಮಕ್ಕಳಾದರು. 1850ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ವಲಸೆ ಹೋದನು.

ಅಮೆರಿಕದ ಅಂತರ್ಯುದ್ಧವು ಗಡಿಯಾರದವನನ್ನು ಬಂದೂಕಿನವನನ್ನಾಗಿ ಮಾಡಿತು. ಆ ಕಾಲದ ಸಿಪಾಯಿ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಯಿಂದ ಸುರಿದು ಕೋಲಿನಿಂದ ಗಿಡಿಯಬೇಕಾಗಿದ್ದಿತು. ಹಿಂಬದಿಯಿಂದ ತೋಟಾ ತುಂಬುವ ಒಂದು ವಿಧಾನಕ್ಕೆ 1862ರಲ್ಲಿ ಲೀ ಪೇಟೆಂಟು ಪಡೆದನು. ಮಿಲ್ವಾಕಿ ನಗರದಲ್ಲಿ ಕಂಪನಿಯೊಂದು ಹುಟ್ಟಿತು. ಯುದ್ಧದ ಕೊನೆಗಾಲದಲ್ಲಿ ಒಂದು ಸಾವಿರ ಗಿಡ್ಡ ರೈಫಲ್ಲುಗಳಿಗೆ ಸರಕಾರದ ಆದೇಶವೂ ಬಂದಿತು. ಆದರೆ ನಳಿಗೆಯ ರಂಧ್ರದ ಅಳತೆ ಸರಕಾರವು ಕೇಳಿದ ತೋಟಾಕ್ಕೆ ಹೊಂದುವುದಿಲ್ಲವೆಂದು ಸೈನ್ಯದ ಅಧಿಕಾರಿಗಳು ಮಾಲನ್ನು ತಿರಸ್ಕರಿಸಿದರು. ವ್ಯತ್ಯಾಸವಿದ್ದುದು ಅಂಗುಲದ ನೂರನೆಯ ಒಂದೆರಡು ಭಾಗದಷ್ಟು. ಗಡಿಯಾರದವನಿಗೆ ಇದಕ್ಕಿಂತ ಕ್ರೂರವಾದ ಪೆಟ್ಟು ಬೇರೊಂದಿರಲಾರದು! ಉದ್ಯಮವು ಮೇಲೇಳಲಿಲ್ಲ. ತೋಟಾ ಮತ್ತು ನಳಿಗೆಗಳ ಈ ಕಲಹವು ಲೀಯ ರೈಫಲ್ಲನ್ನು ಮುಂದೆ ನೂರು ವರ್ಷಗಳವರೆಗೂ ಬಿಡಲಿಲ್ಲ ಎಂಬುದನ್ನು ವಾಚಕರು ಕಾಣುವರು.

ಅನಂತರದ ಹದಿನಾಲ್ಕು ವರ್ಷಗಳ ಅಲೆದಾಟವನ್ನು ಇಲ್ಲಿ ವಿವರಿಸುವುದಿಲ್ಲ. 1879ರ ನವೆಂಬರ್ 4ರಂದು ಆತನಿಗೆ ದೊರೆತ ಪೇಟೆಂಟೇ ಮುಖ್ಯವಾದುದು. ಅದಕ್ಕೆ ಮೊದಲು ಒಂದಕ್ಕಿಂತ ಹೆಚ್ಚು ತೋಟಾಗಳನ್ನು ಹಿಡಿಯುವ ರೈಫಲ್ಲುಗಳಿಲ್ಲದಿರಲಿಲ್ಲ. ಆದರೆ ಅವುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಅಥವಾ ಹಿಡಿಯೊಳಗಿನ ಒಂದು ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದವು. ಒಂದರ ಮೂತಿ ಮುಂದಿನದರ ಬೆನ್ನಿಗೆ ತಾಗುತ್ತಿದ್ದಿತು. ತೋಟಾ ಖರ್ಚಾದಂತೆ ಆಯುಧದ ತೂಕ ಹಿಂದಕ್ಕೋ ಮುಂದಕ್ಕೋ ವಾಲುತ್ತಿದ್ದಿತು. ಬರಿದಾದ ಕೊಳವೆಯನ್ನು ಒಂದೊಂದಾಗಿ ತುಂಬಬೇಕಾಗಿದ್ದಿತು. ಲೀ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದನು. ತಗಡಿನ ಒಂದು ಚಿಕ್ಕ ಪೆಟ್ಟಿಗೆ. ಅದರ ತಳದಲ್ಲಿ ಸ್ಪ್ರಿಂಗು. ಮೇಲೆ ಐದು ತೋಟಾಗಳು. ಬೋಲ್ಟನ್ನು ಹಿಂದಕ್ಕೆಳೆದರೆ ಸ್ಪ್ರಿಂಗು ಮೇಲಿನ ತೋಟಾವನ್ನು ಎತ್ತಿಕೊಡುವುದು. ಮುಂದಕ್ಕೆ ತಳ್ಳಿದರೆ ಅದು ನಳಿಗೆಯೊಳಕ್ಕೆ ಹೋಗುವುದು. ಬರಿದಾದ ಪೆಟ್ಟಿಗೆಯನ್ನು ಕಳಚಿ, ಸೊಂಟದ ಚೀಲದಲ್ಲಿ ಮೊದಲೇ ತುಂಬಿಟ್ಟುಕೊಂಡ ಇನ್ನೊಂದನ್ನು ಸಿಕ್ಕಿಸಿದರಾಯಿತು. ಇಂದು ಜಗತ್ತಿನ ಸೈನಿಕರೆಲ್ಲ ಮಾಡುವುದು ಇದನ್ನೇ. ಗಡಿಯಾರದೊಳಗೆ ಸುರುಳಿ ಸುತ್ತಿಕೊಂಡು ಮಲಗಿರುವ ಶಕ್ತಿಯನ್ನು ಬಾಲ್ಯದಿಂದ ಕಂಡವನಿಗೆ ಮಾತ್ರ ಇದು ಇಷ್ಟು ಸುಲಭವಾಗಿ ಹೊಳೆದಿರಬೇಕೆಂದು ನನ್ನ ಊಹೆ.

ಈ ರೈಫಲ್ಲನ್ನು ತಯಾರಿಸಲು ಒಪ್ಪಿದ ಷಾರ್ಪ್ಸ್ ಕಂಪನಿ ಮುಚ್ಚಿಹೋಯಿತು. ರೆಮಿಂಗ್ಟನ್ ಕಂಪನಿ ಕೈಗೆತ್ತಿಕೊಂಡಿತು. ಅಮೆರಿಕದ ನೌಕಾದಳವು ಕೆಲವನ್ನು ಕೊಂಡಿತು. ನಿಜವಾದ ಭಾಗ್ಯವು ತೆರೆದದ್ದು ಇಂಗ್ಲೆಂಡಿನಲ್ಲಿ. ಹಲವು ವರ್ಷಗಳ ಪರೀಕ್ಷೆಯ ತರುವಾಯ 1888ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ಲೀಯ ಬೋಲ್ಟನ್ನೂ ಪೆಟ್ಟಿಗೆಯನ್ನೂ, ವಿಲಿಯಂ ಎಲಿಸ್ ಮೆಟ್‌ಫರ್ಡ್ ಎಂಬ ಎಂಜಿನಿಯರನು ಸಿದ್ಧಪಡಿಸಿದ .303 ಅಂಗುಲದ ನಳಿಗೆಯನ್ನೂ ಕೂಡಿಸಿ ಲೀ-ಮೆಟ್‌ಫರ್ಡ್ ಎಂಬ ರೈಫಲ್ಲನ್ನು ಸ್ವೀಕರಿಸಿತು.

ಸ್ವೀಕರಿಸಿದ ರೀತಿ ಹೇಗೆ? ಕಳಚಬಹುದಾದ ಪೆಟ್ಟಿಗೆಯನ್ನು ಒಂದು ಸಣ್ಣ ಸರಪಣಿಯಿಂದ ರೈಫಲ್ಲಿಗೇ ಕಟ್ಟಿಹಾಕಿತು! ಸಾಲದೆಂದು ಪೆಟ್ಟಿಗೆಯ ಬಾಯಿಗೆ ಅಡ್ಡಲಾಗಿ ಸರಿಯುವ ಒಂದು ಉಕ್ಕಿನ ತಟ್ಟೆಯನ್ನೂ ಜೋಡಿಸಿತು. ಸಿಪಾಯಿ ಮಾಮೂಲಾಗಿ ಒಂದೊಂದೇ ತೋಟಾವನ್ನು ಕೈಯಿಂದಿಟ್ಟು ಹಾರಿಸಬೇಕು; ಪ್ರಾಣಸಂಕಟ ಒದಗಿದಾಗ ಮಾತ್ರ ತಟ್ಟೆಯನ್ನು ಸರಿಸಿ ಪೆಟ್ಟಿಗೆಯ ತೋಟಾಗಳನ್ನು ಬಳಸಬೇಕು. ವೇಗವಾಗಿ ಹಾರಿಸಬಲ್ಲ ಸಿಪಾಯಿ ತೋಟಾಗಳನ್ನು ದುಂದು ಮಾಡುವನೆಂಬ ಭಯ ಅಧಿಕಾರಿಗಳಿಗೆ. ಕೆಲಸಗಾರನ ಕೈಗೆ ಉತ್ತಮ ಉಪಕರಣವನ್ನು ಕೊಟ್ಟು, ಅದನ್ನು ಬಳಸದಂತೆ ಕಾವಲಿಡುವ ಬುದ್ಧಿ ಕಚೇರಿಗಳಲ್ಲಿ ಎಂದಿನಿಂದಲೂ ಉಂಟು.

ಅತ್ತ ತೋಟಾವೂ ನಿಂತಲ್ಲಿ ನಿಲ್ಲಲಿಲ್ಲ. ಮೆಟ್‌ಫರ್ಡನ ನಳಿಗೆಯ ಆಳವಿಲ್ಲದ ಗೆರೆಗಳು ಕಪ್ಪು ಮದ್ದಿಗಾಗಿ ಯೋಚಿಸಿದವು. 1891ರಲ್ಲಿ ಹೊಗೆಯಿಲ್ಲದ ಕಾರ್ಡೈಟ್ ಬಂದಿತು. ಅದರ ಉಗ್ರವಾದ ಶಾಖಕ್ಕೆ ಆ ಗೆರೆಗಳು ಬೇಗನೆ ಸವೆದುಹೋದವು. 1895ರಲ್ಲಿ ಎನ್‌ಫೀಲ್ಡಿನವರು ಆಳವಾದ ಐದು ಗೆರೆಗಳ ನಳಿಗೆಯನ್ನು ಹಾಕಿದರು. ಮೆಟ್‌ಫರ್ಡನ ಹೆಸರು ಹೋಯಿತು, ಲೀಯ ಹೆಸರು ಉಳಿಯಿತು. ಬೋವರ್ ಯುದ್ಧದ ಕಹಿಯಾದ ಅನುಭವದ ಅನಂತರ ನಳಿಗೆಯನ್ನು ಮೂವತ್ತು ಅಂಗುಲದಿಂದ ಇಪ್ಪತ್ತೈದಕ್ಕೆ ಮೊಟಕುಮಾಡಿದರು. ಐದು ತೋಟಾಗಳನ್ನು ಕಚ್ಚಿ ಹಿಡಿದ ಉಕ್ಕಿನ ಪಟ್ಟಿಯಿಂದ ಮೇಲುಗಡೆಯೇ ಪೆಟ್ಟಿಗೆಯನ್ನು ತುಂಬುವ ಏರ್ಪಾಡೂ ಆಯಿತು. ಪೆಟ್ಟಿಗೆಯಲ್ಲೀಗ ಹತ್ತು ತೋಟಾಗಳು. ಆದರೆ ಅದನ್ನು ಕಳಚುತ್ತಿದ್ದುದು ಒರೆಸಿ ಎಣ್ಣೆ ಹಚ್ಚುವುದಕ್ಕೆ ಮಾತ್ರ. ಲೀಯೂ ಈ ಹೊತ್ತಿಗೆ ಹಟ ಬಿಟ್ಟಿದ್ದನೆಂದು ತೋರುತ್ತದೆ; 1895ರಲ್ಲಿ ಅಮೆರಿಕದ ನೌಕಾದಳಕ್ಕೆ ರಚಿಸಿಕೊಟ್ಟ ಹೊಸ ರೈಫಲ್ಲಿನಲ್ಲಿ ಆತನೇ ಕಳಚದ ಪೆಟ್ಟಿಗೆಯನ್ನಿಟ್ಟು, ಮೇಲಿನಿಂದ ತುಂಬುವ ಕ್ರಮವನ್ನು ಅನುಸರಿಸಿದನು.

1904ರ ಫೆಬ್ರವರಿ 24ರಂದು ಕನೆಕ್ಟಿಕಟ್ ಪ್ರಾಂತದ ಷಾರ್ಟ್ ಬೀಚ್ ಎಂಬ ಕಡಲತೀರದ ಊರಿನಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಲೀ ತೀರಿಕೊಂಡನು. ಅದೇ ವರ್ಷ ಬಂಗಾಳದ ಹೂಗ್ಲಿ ನದಿಯ ದಂಡೆಯ ಇಷಾಪುರದಲ್ಲಿ ರೈಫಲ್ ಕಾರ್ಖಾನೆಯು ಆರಂಭವಾಯಿತು. ಆತನ ರೈಫಲ್ಲಿನ ಭಾರತೀಯ ಅಧ್ಯಾಯವು ಅಲ್ಲಿಂದ ಮೊದಲಾಗುತ್ತದೆ.

1914ರಲ್ಲಿ ನಮ್ಮ ಸಿಪಾಯಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ, ಅವರು ದೇಶದಿಂದ ಹೊತ್ತು ತಂದಿದ್ದ ರೈಫಲ್ಲುಗಳನ್ನು ಒಪ್ಪಿಸಿ ಬೇರೆಯವನ್ನು ಪಡೆಯಬೇಕಾಯಿತು. ಬ್ರಿಟಿಷ್ ಸೈನ್ಯವು ಆಗಲೇ ಹಗುರವಾದ, ಚೂಪುಮೂತಿಯ ಹೊಸ ಗುಂಡಿಗೆ ಬದಲಾಗಿದ್ದಿತು. ಹಳೆಯ ಗುಂಡಿಗಾಗಿ ಗುರಿಗಣ್ಣನ್ನು ಅಳವಡಿಸಿದ ರೈಫಲ್ಲಿನಿಂದ ಹೊಸ ಗುಂಡನ್ನು ಹಾರಿಸಿದರೆ ಗುರಿ ತಪ್ಪುವುದು. ಅಪರಿಚಿತ ದೇಶದಲ್ಲಿ, ಅಪರಿಚಿತ ಚಳಿಯ ಹೊಸ್ತಿಲಲ್ಲಿ, ಕೈಗೆ ಪಳಗಿದ ಆಯುಧವನ್ನೂ ಬಿಟ್ಟುಕೊಟ್ಟ ಆ ಸಿಪಾಯಿಗಳ ಮನಸ್ಸನ್ನು ನಾನು ಅನೇಕ ಬಾರಿ ಊಹಿಸಿಕೊಂಡಿದ್ದೇನೆ.

ಐದು ವರ್ಷಗಳ ಅನಂತರ, 1919ರ ಏಪ್ರಿಲ್ 13ರಂದು, ಅದೇ .303 ತೋಟಾಗಳು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಹಾರಿದವು. ಐವತ್ತು ಮಂದಿ ಸಿಪಾಯಿಗಳು, 1,650 ಸುತ್ತುಗಳು. ಸತ್ತವರ ಸಂಖ್ಯೆಯನ್ನು ಕುರಿತು ಇಂದಿಗೂ ವಿವಾದವಿದೆ; ಸರಕಾರಿ ಲೆಕ್ಕವು 379 ಎಂದು ಹೇಳಿತು, ಜನರ ಲೆಕ್ಕವು ಅದಕ್ಕಿಂತ ಬಹಳ ಹೆಚ್ಚು. ತೋಟಾಗಳ ಸಂಖ್ಯೆಯನ್ನು ಕುರಿತು ಮಾತ್ರ ವಿವಾದವಿಲ್ಲ. ಪ್ರಾಣಕ್ಕಿಂತ ತೋಟಾದ ಲೆಕ್ಕವನ್ನೇ ಜೋಪಾನವಾಗಿಟ್ಟ ಆಡಳಿತವದು.

ಆ ಜೋಪಾನದ ಬಲ ಎಷ್ಟೆಂಬುದು 1930ರ ಏಪ್ರಿಲ್ 18ರಂದು ಚಿತ್ತಗಾಂಗಿನಲ್ಲಿ ತಿಳಿಯಿತು. ಸೂರ್ಯ ಸೇನನ ತರುಣರು ಪ್ರಾಣದ ಹಂಗು ತೊರೆದು ಶಸ್ತ್ರಾಗಾರಕ್ಕೆ ನುಗ್ಗಿದರು. ಬಂದೂಕುಗಳು ದೊರೆತವು, ಸಹಾಯಕ ಪಡೆಯ ಆಯುಧಗಳಿಗೆ ಬೇಕಾದ ತೋಟಾಗಳು ದೊರೆಯಲಿಲ್ಲ. ಅವುಗಳನ್ನು ಬೇರೊಂದೆಡೆ ಇಡಲಾಗಿದ್ದಿತು. ತೋಟಾ ಇಲ್ಲದ ರೈಫಲ್ಲು ಒಂದು ಭಾರವಾದ ದೊಣ್ಣೆ ಮಾತ್ರ.

ಆಯುಧವು ಪ್ರಜೆಯ ಕೈಗೆ ಹೋದೀತೆಂಬ ಈ ಭಯವು ಲೀಯ ರೈಫಲ್ಲಿನ ಆಕಾರವನ್ನೇ ಬದಲಿಸಿತು. ಇಷಾಪುರದಲ್ಲಿ ಪೊಲೀಸರಿಗೂ ಪಹರೆಯವರಿಗೂ ಕೊಡುವುದಕ್ಕಾಗಿ ಹಲವು ರೈಫಲ್ಲುಗಳ ನಳಿಗೆಯನ್ನು .410 ಅಂಗುಲಕ್ಕೆ ಹಿಗ್ಗಿಸಿ, ಗೆರೆಗಳಿಲ್ಲದಂತೆ ನುಣುಪಾಗಿಸಿ, ಒಂದು ಬಾರಿಗೆ ಒಂದೇ ತೋಟಾ ಹಾರಿಸುವ ಮಸ್ಕೆಟ್ಟುಗಳನ್ನಾಗಿ ಮಾಡಿದರು. ತೋಟಾಪೆಟ್ಟಿಗೆಯಿದ್ದ ಜಾಗಕ್ಕೆ ಒಂದು ಮರದ ತುಂಡನ್ನು ಜಡಿದರು. ಮೊದಲು ಸರಪಣಿ, ಅನಂತರ ಮರದ ಬಿರಡೆ!

ಬೇಟೆಗಾರನಿಗೂ ರೈತನಿಗೂ .303 ದೊರೆಯುವಂತಿರಲಿಲ್ಲ. ಸೈನ್ಯದ ತೋಟಾ ಕಳವಾದರೂ ಹೊರಗಿನವರ ಬಂದೂಕಿಗೆ ಹೊಂದಬಾರದೆಂಬುದೇ ನಿಷೇಧದ ಉದ್ದೇಶ. ಸ್ವತಂತ್ರ ಭಾರತವೂ ಆ ನಿಷೇಧವನ್ನು ಕೈಬಿಡಲಿಲ್ಲ. ಆದುದರಿಂದ ಲೈಸೆನ್ಸುದಾರರಿಗಾಗಿ ನಮ್ಮ ಸರಕಾರಿ ಕಾರ್ಖಾನೆಗಳು ಲೀಯ ಬೋಲ್ಟನ್ನೇ ಇಟ್ಟು .315 ಅಂಗುಲದ ರೈಫಲ್ಲನ್ನು ತಯಾರಿಸಿದವು. ಮಿಲ್ವಾಕಿಯಲ್ಲಿ ನೂರನೆಯ ಒಂದೆರಡು ಭಾಗದಷ್ಟು ವ್ಯತ್ಯಾಸದಿಂದ ಲೀಯ ಸೊತ್ತು ಮುಳುಗಿತು; ಇಲ್ಲಿ ಬೇಕೆಂದೇ ಇಟ್ಟ ಅಂಥದೇ ವ್ಯತ್ಯಾಸದ ಮೇಲೆ ಒಂದು ಕಾನೂನೇ ನಿಂತಿತು. 1962ರ ಚೀನಾ ಯುದ್ಧದ ತರುವಾಯ ಇಷಾಪುರದವರು ಬೇರೆ ಗಟ್ಟಿಯಾದ ಉಕ್ಕಿನಲ್ಲಿ 7.62 ಮಿಲಿಮೀಟರಿನ ರೂಪವೊಂದನ್ನೂ ಹೊರತಂದರು. ಅದರ ಪೆಟ್ಟಿಗೆ ಹನ್ನೆರಡು ತೋಟಾಗಳದು. ಹಳೆಯ .303 ನಮ್ಮ ಪೊಲೀಸರ ಹೆಗಲಿನಿಂದ ಇಳಿಯಲು ಇನ್ನೂ ಬಹುಕಾಲ ಬೇಕಾಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೆನಡಾ, ಅಮೆರಿಕ, ಇಂಗ್ಲೆಂಡುಗಳಲ್ಲಿ ಲೆಕ್ಕವಿಲ್ಲದಷ್ಟು ಲೀ-ಎನ್‌ಫೀಲ್ಡುಗಳು ಸಾಮಾನ್ಯರಿಗೆ ಅಗ್ಗವಾಗಿ ಮಾರಾಟವಾದವು. ಕೊಂಡವರು ಮುಂಭಾಗದ ಮರವನ್ನು ಕತ್ತರಿಸಿ, ನಳಿಗೆಯನ್ನು ಮೊಟಕುಮಾಡಿ, ದುರ್ಬೀನು ಕೂರಿಸಿ ಜಿಂಕೆಯ ಬೇಟೆಗೆ ಒಯ್ದರು. ಅವರ ಮೊಮ್ಮಕ್ಕಳು ಇಂದು ಅದೇ ಮರಕ್ಕಾಗಿ, ಅದೇ ತಿರುಪುಗಳಿಗಾಗಿ ಹಳೆಯ ಸಾಮಾನಿನ ಅಂಗಡಿಗಳನ್ನು ಶೋಧಿಸುತ್ತಿದ್ದಾರೆ. ಇಲ್ಲಿ ಒಂದು ಅಪಾಯವಿದೆ. ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ನಡುವಿನ ಅಂತರವನ್ನು ಕಾರ್ಖಾನೆಯಲ್ಲಿ ರೈಫಲ್ಲಿಗೊಂದರಂತೆ ಅಳೆದು ಹೊಂದಿಸುತ್ತಿದ್ದರು. ಬೋಲ್ಟಿನ ಮೇಲೆ ಆ ರೈಫಲ್ಲಿನದೇ ಸಂಖ್ಯೆಯನ್ನು ಕೊರೆಯುತ್ತಿದ್ದರು. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿ, ಅಂತರ ಹೆಚ್ಚಿದರೆ ತೋಟಾದ ಕವಚ ಹರಿದು ಬಿಸಿಗಾಳಿ ಹಾರಿಸುವವನ ಮುಖಕ್ಕೇ ನುಗ್ಗಬಹುದು. ಬಿಡಿಭಾಗ ಕೊಳ್ಳುವವರು ಈ ಸಂಖ್ಯೆಯನ್ನೇ ಮೊದಲು ನೋಡುವುದು ಈ ಕಾರಣಕ್ಕಾಗಿ.

ಲೀ ಬೆಳೆದ ಕೆನಡಾದ ಹಿಮಪ್ರದೇಶದಲ್ಲಿ ಗಸ್ತು ತಿರುಗುವ ರೇಂಜರ್ ಪಡೆಯವರು 1947ರಿಂದ ಸುಮಾರು ಎಪ್ಪತ್ತು ವರ್ಷಗಳ ಕಾಲ ಇದೇ ರೈಫಲ್ಲನ್ನು ಹಿಮಕರಡಿಗಳ ಭಯದಿಂದ ಜೊತೆಯಲ್ಲಿಟ್ಟುಕೊಂಡಿದ್ದರು. ಇಷಾಪುರದ ಆ ಮಸ್ಕೆಟ್ಟುಗಳೂ ಹಡಗೇರಿ ಅಮೆರಿಕವನ್ನು ಸೇರಿದವು. ಅವನ್ನು ಕೊಂಡವರಲ್ಲಿ ಹಲವರು ಮೊದಲು ಮಾಡಿದ ಕೆಲಸವೆಂದರೆ ಮರದ ತುಂಡನ್ನು ಕಿತ್ತುಹಾಕಿ, ಆ ಬರಿದಾದ ಜಾಗಕ್ಕೆ ಹೊಂದುವ ತೋಟಾಪೆಟ್ಟಿಗೆಯೊಂದನ್ನು ಹುಡುಕುವುದು.