ಜೊಂಡಿನ ಮರೆಯ ಸಾಕ್ಷ್ಯ: ಎಮ್ಮಾ ಲೂಯಿಸಾ ಟರ್ನರ್

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಕ್ಷಿಶಾಸ್ತ್ರವು ಬಹುಮಟ್ಟಿಗೆ ಬಂದೂಕಿನ ಶಾಸ್ತ್ರವಾಗಿತ್ತು. ಅಪರೂಪದ ಹಕ್ಕಿ ಕಂಡಿತೆಂಬ ಹೇಳಿಕೆಗೆ ಮಾನ್ಯತೆ ದೊರೆಯಬೇಕಾದರೆ ಅದನ್ನು ಹೊಡೆದು, ಚರ್ಮ ಸುಲಿದು, ಸಂಗ್ರಹಕ್ಕೆ ಸೇರಿಸಬೇಕಾಗಿತ್ತು. ಸಾಕ್ಷ್ಯ ಒದಗಿಸುವ ಕ್ರಿಯೆಯೇ ಸಾಕ್ಷ್ಯದ ಮೂಲವನ್ನು ಇಲ್ಲವಾಗಿಸುತ್ತಿದ್ದ ಈ ಪದ್ಧತಿಗೆ ಪರ್ಯಾಯವನ್ನು ಕಟ್ಟಿಕೊಟ್ಟವರಲ್ಲಿ ಎಮ್ಮಾ ಲೂಯಿಸಾ ಟರ್ನರ್ ಒಬ್ಬರು. ಅವರನ್ನು ಛಾಯಾಚಿತ್ರಗಾರ್ತಿ ಎಂದಷ್ಟೇ ಗುರುತಿಸುವುದು ಅವರ ಸಾಧನೆಯ ಅರ್ಧವನ್ನು ಮಾತ್ರ ಹೇಳಿದಂತೆ.

ಟರ್ನರ್ 1867ರ ಜೂನ್ 9ರಂದು ಕೆಂಟ್ ಪ್ರಾಂತ್ಯದ ಲ್ಯಾಂಗ್ಟನ್ ಗ್ರೀನ್‌ನಲ್ಲಿ ಜನಿಸಿದರು. ಅವರು ಕ್ಯಾಮರಾ ಹಿಡಿದದ್ದು ಮೂವತ್ತು ದಾಟಿದ ಮೇಲೆ. 1900ರಲ್ಲಿ ಹಕ್ಕಿಗಳ ಛಾಯಾಗ್ರಹಣಕ್ಕೆ ಹೆಸರಾಗಿದ್ದ ರಿಚರ್ಡ್ ಕಿಯರ್ಟನ್ ಅವರ ಭೇಟಿಯಾದದ್ದು ಈ ಆಸಕ್ತಿಗೆ ಕಾರಣ. ಮುಂದಿನ ವರ್ಷವೇ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯತ್ವ ದೊರೆಯಿತು. 1904ರಲ್ಲಿ ಲಿನಿಯನ್ ಸೊಸೈಟಿಯು ಮೊದಲ ಬಾರಿಗೆ ಮಹಿಳೆಯರನ್ನು ಆಯ್ಕೆಮಾಡಿದಾಗ ಆ ತಂಡದಲ್ಲಿ ಇವರೂ ಇದ್ದರು. ದೊಡ್ಡ ಜುಟ್ಟಿನ ಗುಳುಮುಳುಕದ ಚಿತ್ರಕ್ಕಾಗಿ 1905ರಲ್ಲಿ ಫೋಟೋಗ್ರಾಫಿಕ್ ಸೊಸೈಟಿಯ ಚಿನ್ನದ ಪದಕ ಸಂದಿತು. ಮಹಿಳೆಯರ ಉಡುಪಿನ ಅಲಂಕಾರಕ್ಕಾಗಿ ಗರಿ ಕಿತ್ತು ಬ್ರಿಟನ್ನಿನಲ್ಲಿ ಅಳಿವಿನ ಅಂಚಿಗೆ ತಂದಿದ್ದ ಹಕ್ಕಿಯಿದು. ಅದನ್ನು ಒಬ್ಬ ಮಹಿಳೆ ಗರಿ ಮುಟ್ಟದೆ ಸೆರೆಹಿಡಿದು ಪದಕ ಪಡೆದದ್ದು ಗಮನಾರ್ಹ.

ಟರ್ನರ್ ಅವರ ನಿಜವಾದ ಕರ್ಮಭೂಮಿ ನಾರ್ಫಕ್ ಪ್ರಾಂತ್ಯದ ಹಿಕ್ಲಿಂಗ್ ಬ್ರಾಡ್. ಬ್ರಾಡ್ ಎಂದರೆ ಅಲ್ಲಿನ ಆಳವಿಲ್ಲದ, ಜೊಂಡು ಬೆಳೆದ ವಿಶಾಲ ಜಲಾಶಯ. ಇವು ನಿಸರ್ಗನಿರ್ಮಿತವಲ್ಲ, ಮಧ್ಯಯುಗದಲ್ಲಿ ಉರುವಲಿಗಾಗಿ ಪೀಟ್ ಮಣ್ಣನ್ನು ಅಗೆದ ಗುಂಡಿಗಳಲ್ಲಿ ನೀರು ನಿಂತು ಆದವು ಎಂಬುದು 1950ರ ದಶಕದ ಸಂಶೋಧನೆಯಿಂದ ಖಚಿತವಾಯಿತು. ಮನುಷ್ಯನ ಕೈಯಿಂದಾಗಿ ಹಕ್ಕಿಗಳಿಗೆ ಒದಗಿಬಂದ ನೆಲೆಗಳೆಂಬ ಅರ್ಥದಲ್ಲಿ ಅವು ನಮ್ಮ ಕೆರೆಗಳಿಗೆ ಸಮೀಪದವು. ಟರ್ನರ್ ತಾವೇ ವಿನ್ಯಾಸಗೊಳಿಸಿದ ದೋಣಿಮನೆಗೆ, ಆ ಪ್ರದೇಶದಲ್ಲಿ ತಾವು ಮೊದಲು ಚಿತ್ರ ತೆಗೆದ ಹಕ್ಕಿಯ ಹೆಸರಾದ ವಾಟರ್ ರೇಲ್ ಎಂಬುದನ್ನೇ ಇಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪ್ರತಿವರ್ಷದ ಒಂದು ಭಾಗವನ್ನು ಅಲ್ಲಿಯೇ ಕಳೆದರು. ಸಮೀಪದ ಪುಟ್ಟ ದ್ವೀಪದಲ್ಲಿದ್ದ ಗುಡಿಸಲು ಅವರ ಕತ್ತಲಕೋಣೆಯಾಗಿತ್ತು. ಅತಿಥಿಗಳು ಬಂದರೆ ಮಲಗುವ ಕೋಣೆಯೂ ಅದೇ. ಭಾರವಾದ ಕ್ಯಾಮರಾ, ಗಾಜಿನ ಫಲಕಗಳನ್ನು ಹೊತ್ತು ಜೌಗಿನಲ್ಲಿ ಇಳಿದು, ಒಣಜೊಂಡಿನ ಮರೆಯಲ್ಲಿ ತಾಸುಗಟ್ಟಲೆ ಅಲುಗದೆ ಕಾಯುವುದು ಅವರ ನಿತ್ಯದ ಕ್ರಮ. ನಮ್ಮ ಸಾಹಿತ್ಯದಲ್ಲಿ ಬಕಧ್ಯಾನವೆಂಬುದು ಕಪಟಕ್ಕೆ ಹೆಸರಾಗಿದೆ. ಇಲ್ಲಿ ಅದು ನಿಷ್ಕಪಟವಾದ ಅಧ್ಯಯನಕ್ರಮವಾಯಿತೆನ್ನಬಹುದು.

ಬಕದ ಬಳಗಕ್ಕೇ ಸೇರಿದ ಬಿಟರ್ನ್ ಎಂಬ ಹಕ್ಕಿ ಅವರ ಹೆಸರನ್ನು ಉಳಿಸಿತು. ಜೌಗು ಬತ್ತಿಸಿದ್ದರಿಂದಲೂ ಬೇಟೆಯಿಂದಲೂ ಮೊಟ್ಟೆಗಳ್ಳರಿಂದಲೂ ಇದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಸಂತಾನೋತ್ಪತ್ತಿ ನಿಲ್ಲಿಸಿತ್ತು. ಚಳಿಗಾಲದಲ್ಲಿ ಹೊರಗಿನಿಂದ ವಲಸೆ ಬರುವ ಬಿಟರ್ನ್‌ಗಳಿದ್ದುದರಿಂದ ಪ್ರೌಢ ಹಕ್ಕಿ ಕಂಡಿತೆಂದಾಗಲಿ, ಗಂಡಿನ ಮೊಳಗುವ ಕೂಗು ಕೇಳಿತೆಂದಾಗಲಿ ಏನೂ ಸಿದ್ಧವಾಗುತ್ತಿರಲಿಲ್ಲ. ಹಾರಲಾರದ ಮರಿಯೊಂದೇ ಪ್ರಶ್ನಾತೀತ ಪುರಾವೆ. 1911ರ ಜುಲೈನಲ್ಲಿ ಟರ್ನರ್ ಮತ್ತು ಹಿಕ್ಲಿಂಗ್‌ನ ಕಾವಲುಗಾರ ಜಿಮ್ ವಿನ್ಸೆಂಟ್ ಜೊಂಡಿನೊಳಗೆ ಅಂತಹ ಮರಿಯನ್ನು ಪತ್ತೆಹಚ್ಚಿದರು. ಅಪಾಯ ಕಂಡಾಗ ಕೊಕ್ಕನ್ನು ಆಕಾಶಕ್ಕೆತ್ತಿ, ಮೈ ಸೆಟೆಸಿ, ತಾನೂ ಒಂದು ಜೊಂಡಿನ ಕಡ್ಡಿಯಂತೆ ನಿಲ್ಲುವುದು ಈ ಹಕ್ಕಿಯ ಸ್ವಭಾವ. ಅಡಗಿಕೊಳ್ಳಲು ಹಕ್ಕಿ ತಳೆಯುವ ಈ ಭಂಗಿಯೇ ಅದರ ಅಸ್ತಿತ್ವದ ದಾಖಲೆಯಾಯಿತು. ಬಿಟರ್ನ್ ಮರಳಿ ಬಂದು ಮರಿಮಾಡಿದೆ ಎಂಬುದು ಒಂದು ಗುಂಡೂ ಹಾರದೆ ಸಾಬೀತಾಯಿತು. ಈ ಶೋಧದಲ್ಲಿ ವಿನ್ಸೆಂಟ್ ಅವರ ಸ್ಥಳಜ್ಞಾನದ ಪಾಲು ದೊಡ್ಡದು. ಚಿತ್ರದ ಕೀರ್ತಿಯ ಎದುರು ಅದು ಮಸುಕಾಗಿದೆ.

ಕಾವಲಿನ ಕೆಲಸವನ್ನು ಟರ್ನರ್ ತಾವೂ ಕೈಗೊಂಡರು. ನಾರ್ಫಕ್ ಕರಾವಳಿಯ ಸ್ಕೋಲ್ಟ್ ಹೆಡ್ ದ್ವೀಪದಲ್ಲಿ 1924 ಮತ್ತು 1925ರಲ್ಲಿ, ಮರಳಿನ ಮೇಲೆ ಮೊಟ್ಟೆಯಿಡುವ ಟರ್ನ್ ಹಕ್ಕಿಗಳ ಮೊದಲ ಕಾವಲುಗಾರ್ತಿಯಾಗಿ ಅವರು ವಾಸಿಸಿದರು. ಪತ್ರಿಕೆಗಳು ಅವರನ್ನು ದೇಶದ ಅತ್ಯಂತ ಒಂಟಿ ಹೆಂಗಸೆಂದು ಬಣ್ಣಿಸಿದವು. ಐವತ್ತೇಳರ ವಯಸ್ಸಿನ ಅಧ್ಯಯನಶೀಲೆಯನ್ನು ಕರುಣೆಯ ವಸ್ತುವಾಗಿಸಿದ ಈ ಬಣ್ಣನೆಯಲ್ಲಿ ಕಾಣುವುದು ಆ ಕಾಲದ ಪತ್ರಿಕೋದ್ಯಮದ ದೃಷ್ಟಿಯೇ ಹೊರತು ಟರ್ನರ್ ಅವರ ಬದುಕಲ್ಲ. ಬ್ರಾಡ್‌ಲ್ಯಾಂಡ್ ಬರ್ಡ್ಸ್ (1924) ಅವರ ಮುಖ್ಯ ಕೃತಿ. ಮರಣಕ್ಕೆ ಎರಡು ವರ್ಷ ಮೊದಲು ದೃಷ್ಟಿ ಹೋಯಿತು. 1940ರ ಆಗಸ್ಟ್ 13ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡರು.

1997ರಲ್ಲಿ ಬ್ರಿಟನ್ನಿನಲ್ಲಿ ಕೂಗುವ ಗಂಡು ಬಿಟರ್ನ್‌ಗಳು 11ಕ್ಕೆ ಇಳಿದಿದ್ದವು. ಜೊಂಡುನೆಲೆಗಳನ್ನು ಪುನರುಜ್ಜೀವನಗೊಳಿಸಿದ ಫಲವಾಗಿ 2023ರ ಎಣಿಕೆಯಲ್ಲಿ 200ನ್ನು ಮೀರಿದವು. ಈ ಎಣಿಕೆ ನಡೆಯುವುದು ಕೂಗನ್ನು ಆಲಿಸಿ. ಹಿಕ್ಲಿಂಗ್‌ನ ಆ ಪುಟ್ಟ ದ್ವೀಪಕ್ಕೆ ಟರ್ನರ್ ದ್ವೀಪವೆಂಬ ಹೆಸರು ಬಂದಿದೆ.