ರಂಗಸಂಗೀತದ ಸಂಚಾರಿ: ಬಾಬುಕೋಡಿ ವೆಂಕಟರಮಣ ಕಾರಂತರು

ಹೊಟ್ಟೆಪಾಡಿಗಾಗಿ ನಾಡನ್ನು ಬಿಟ್ಟು ದಿಲ್ಲಿಗೆ ಬಂದು ನೆಲಸಿರುವ ನಮ್ಮಂಥವರು ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ನೆನೆಯಲೇಬೇಕಾದ ಮಹನೀಯರು ಹಲವರಿದ್ದಾರೆ. ಅವರಲ್ಲಿ ಒಬ್ಬರು, ಕನ್ನಡದ ರಂಗಸಂಗೀತಕ್ಕೆ ಹೊಸ ಉಸಿರು ತುಂಬಿದ ಬಿ. ವಿ. ಕಾರಂತರು. ಅವರು ಕಾಲವಾಗಿ ಎರಡು ದಶಕಗಳ ಮೇಲಾಯಿತು. ನಮ್ಮ ಮಕ್ಕಳಲ್ಲಿ ಅನೇಕರು ಅವರ ಹೆಸರನ್ನೇ ಕೇಳಿರಲಾರರು. ಆದುದರಿಂದ ಅವರ ಜೀವನದ ಮುಖ್ಯ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಕಾರಂತರು ಹುಟ್ಟಿದುದು 1929ನೆಯ ಇಸವಿ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ ತಾಲ್ಲೂಕಿನ ಮಂಚಿ ಗ್ರಾಮಕ್ಕೆ ಸೇರಿದ ಬಾಬುಕೋಡಿಯಲ್ಲಿ. ಅದು ಯಕ್ಷಗಾನದ ಚೆಂಡೆಯ ಸದ್ದು ರಾತ್ರಿಯಿಡೀ ಕೇಳಿಬರುವ ಸೀಮೆ. ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಬಣ್ಣ ಹಚ್ಚಿದ ಈ ಹುಡುಗನಿಗೆ ಆ ಬಣ್ಣ ಮತ್ತೆ ಅಳಿಸಿಹೋಗಲಿಲ್ಲ. ಕೊನೆಗೆ ಮನೆಯಿಂದ ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಮುಂದೆ ಚಲನಚಿತ್ರದಲ್ಲಿ ಕನ್ನಡಿಗರ ಮನೆಮಾತಾದ ರಾಜಕುಮಾರರೂ ಆ ಕಂಪನಿಯ ಗರಡಿಯಲ್ಲಿ ಪಳಗಿದವರೇ.

ಕಂಪನಿ ನಾಟಕಗಳನ್ನು ಕಂಡ ಹಿರಿಯರಿಗೆ ಅಲ್ಲಿಯ ಸಂಗೀತದ ವೈಭವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಮೋನಿಯಂ ನುಡಿದೊಡನೆ ನಟ ಹಾಡಿಗೆ ತೊಡಗುವನು. ಪ್ರೇಕ್ಷಕರು ಒನ್ಸ್ ಮೋರ್ ಎಂದು ಕೂಗಿದರೆ, ಸಾಯುವ ದೃಶ್ಯದಲ್ಲಿಯೂ ಎದ್ದು ಇನ್ನೊಮ್ಮೆ ಹಾಡುವನು. ಕಾರಂತರು ಈ ಸಂಪತ್ತನ್ನೂ ಅದರ ಕೊರತೆಯನ್ನೂ ಒಳಗಿನಿಂದ ಕಂಡವರು. ಹುಡುಗನಲ್ಲಿದ್ದ ತೇಜಸ್ಸನ್ನು ವೀರಣ್ಣನವರು ಗುರುತಿಸಿದರು. ತಮ್ಮ ಕಂಪನಿಯಲ್ಲಿಯೇ ಉಳಿಸಿಕೊಳ್ಳಬಹುದಾಗಿದ್ದವರು ಹಾಗೆ ಮಾಡದೆ, ಹೆಚ್ಚಿನ ಓದಿಗೆಂದು ಅವರನ್ನು ಕಾಶಿಗೆ ಕಳುಹಿಸಿಕೊಟ್ಟರು. ಕೆಲಸಗಾರನನ್ನು ಕಳೆದುಕೊಂಡು ನಾಡಿಗೆ ಒಬ್ಬ ಕಲಾವಿದನನ್ನು ಗಳಿಸಿಕೊಟ್ಟ ಈ ಔದಾರ್ಯ ಸಾಮಾನ್ಯವಾದುದಲ್ಲ.

ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಹಿಂದಿಯಲ್ಲಿ ಎಂ.ಎ. ಪದವಿ ಪಡೆದರು. ಅಲ್ಲಿಯೇ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಅಭ್ಯಾಸಮಾಡಿದರು. ಯಕ್ಷಗಾನದ ತಾಳ, ಕಂಪನಿ ನಾಟಕದ ಮಟ್ಟು, ಹಿಂದೂಸ್ತಾನಿಯ ರಾಗ, ಈ ಮೂರೂ ಒಬ್ಬರಲ್ಲಿಯೇ ಕೂಡಿದುದು ಹೀಗೆ. ಬಳಿಕ ದಿಲ್ಲಿಗೆ ಬಂದು, ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ, 1962ರಲ್ಲಿ ಅಲ್ಲಿಯ ಶಿಕ್ಷಣ ಮುಗಿಸಿದರು. ಈ ನಗರದ ಸರದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲಕಾಲ ಮಕ್ಕಳಿಗೆ ನಾಟಕ ಕಲಿಸುವ ಉಪಾಧ್ಯಾಯರಾಗಿಯೂ ಇದ್ದರು. ದೊಡ್ಡ ಹೆಸರು ಬರುವ ಮೊದಲು ನಮ್ಮ ನಿಮ್ಮಂತೆ ಸಂಬಳದ ದಿನವನ್ನು ಎದುರುನೋಡುತ್ತ ದಿಲ್ಲಿಯಲ್ಲಿ ಬಾಳಿದವರು ಅವರು ಎಂಬುದು ನಮಗೆ ಆಪ್ತವೆನಿಸುತ್ತದೆ.

1970ರ ಸುಮಾರಿಗೆ ಕನ್ನಡ ರಂಗಭೂಮಿಯಲ್ಲಿ ಹೊಸ ಗಾಳಿ ಬೀಸತೊಡಗಿತು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಕಾರಂತರು ಲಂಕೇಶರ 'ಸಂಕ್ರಾಂತಿ', ಅವರೇ ಕನ್ನಡಿಸಿದ 'ಈಡಿಪಸ್', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಈ ಮೂರು ನಾಟಕಗಳನ್ನು ಆಡಿಸಿದರು. ಗಿರೀಶ ಕಾರ್ನಾಡರ 'ಹಯವದನ', ಜಡಭರತರ 'ಸತ್ತವರ ನೆರಳು' ಮೊದಲಾದುವೂ ಅವರ ಕೈಯಲ್ಲಿ ರಂಗದ ಮೇಲೆ ಬಂದವು. ಬೆಂಗಳೂರು ನಗರ ಕಲಾವಿದರು ಎಂಬ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಬೆನಕ' ಎಂದು ಕರೆದ ಅವರ ತಂಡ ಊರೂರು ಸುತ್ತಿತು.

ಈ ನಾಟಕಗಳಲ್ಲಿ ಕಾರಂತರು ಸಂಗೀತಕ್ಕೆ ಕೊಟ್ಟ ಸ್ಥಾನವನ್ನು ಸ್ವಲ್ಪ ವಿವರಿಸುವುದು ಉಚಿತ. ಕಂಪನಿ ನಾಟಕದಲ್ಲಿ ಹಾಡು ಬಂದರೆ ಕಥೆ ನಿಲ್ಲುತ್ತಿತ್ತು. ಅದಕ್ಕೆ ಬೇಸತ್ತ ಹೊಸ ನಾಟಕಕಾರರು ಹಾಡನ್ನೇ ಹೊರಗಟ್ಟಿದ್ದರು. ಕಾರಂತರು ಹಾಡನ್ನು ಮತ್ತೆ ಒಳಗೆ ಕರೆತಂದರು. ಆದರೆ ಕಥೆಯನ್ನು ನಡೆಸುವ ಕೆಲಸವನ್ನು ಅದಕ್ಕೆ ಒಪ್ಪಿಸಿದರು. ನಟರೇ ಹಾಡಬೇಕು, ಅವರ ಕಂಠ ಸಂಗೀತಗಾರರ ಕಂಠವಾಗಿರಬೇಕಾದುದಿಲ್ಲ, ಪಾತ್ರದ ಕಂಠವಾಗಿದ್ದರೆ ಸಾಕು. ವಾದ್ಯವೆಂದರೆ ಹಾರ್ಮೋನಿಯಂ ತಬಲಗಳಷ್ಟೇ ಅಲ್ಲ; ಕಲ್ಲು, ಬಿದಿರು, ತಗಡು, ಪಾತ್ರೆಪಗಡಿ, ಮನುಷ್ಯನ ಉಸಿರು, ಇವುಗಳಿಂದಲೂ ನಾದ ಹೊರಡಿಸುತ್ತಿದ್ದರು. ಯಾವುದೂ ಸದ್ದು ಮಾಡದ ಕ್ಷಣವೂ ಅವರ ಲೆಕ್ಕದಲ್ಲಿ ಸಂಗೀತವೇ. ತಾವೇ ಹಾರ್ಮೋನಿಯಂ ಮುಂದೆ ಕುಳಿತು, ನಟರ ಉಸಿರನ್ನೂ ಹೆಜ್ಜೆಯನ್ನೂ ನೋಡುತ್ತ ಮೇಳವನ್ನು ನಡೆಸುತ್ತಿದ್ದರು. ಸಂಗೀತದ ಸೊಗಸು ಒಮ್ಮೊಮ್ಮೆ ನಾಟಕವನ್ನೇ ಮರೆಸುತ್ತಿತ್ತೆಂಬ ಆಕ್ಷೇಪಣೆಯೂ ಇದ್ದಿತು. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಬರಿದಾಗಿದ್ದ ರಂಗಕ್ಕೆ ಆ ಕಾಲದಲ್ಲಿ ಬೇಕಾಗಿದ್ದುದು ಆ ತುಂಬು ನಾದವೇ.

ಚಲನಚಿತ್ರದಲ್ಲಿಯೂ ಅವರು ಕೈಯಾಡಿಸಿದರು. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ 'ವಂಶವೃಕ್ಷ'ವನ್ನು ಕಾರ್ನಾಡರೊಡಗೂಡಿ ನಿರ್ದೇಶಿಸಿ, ಇಬ್ಬರೂ ರಾಷ್ಟ್ರಪ್ರಶಸ್ತಿ ಪಡೆದರು. ಶಿವರಾಮ ಕಾರಂತರ ಕಾದಂಬರಿಯಿಂದ ತೆಗೆದ 'ಚೋಮನ ದುಡಿ'ಗೆ 1975ರ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. ಉಳಲು ತುಂಡು ಭೂಮಿ ಸಿಗದ ಬಡವನ ಸಂಕಟವನ್ನೆಲ್ಲ ಆ ದುಡಿಯ ಬಡಿತವೇ ಹೇಳುತ್ತದೆ. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕಾಗಿ ಒಂದಾದಮೇಲೊಂದು ವರ್ಷ ರಾಷ್ಟ್ರಪ್ರಶಸ್ತಿ ಬಂದಿತು. ಅವರ ಪತ್ನಿ ಪ್ರೇಮಾ ಕಾರಂತರೂ ರಂಗಭೂಮಿಯಲ್ಲಿ ದುಡಿದವರು. 'ಫಣಿಯಮ್ಮ' ಚಿತ್ರವನ್ನು ನಿರ್ದೇಶಿಸಿ ಕೀರ್ತಿ ಪಡೆದವರು.

1977ರಲ್ಲಿ ಕಾರಂತರು ತಾವು ಕಲಿತ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾಗಿ ದಿಲ್ಲಿಗೆ ಮರಳಿ, 1981ರವರೆಗೆ ಆ ಹೊಣೆ ಹೊತ್ತರು. ದಿಲ್ಲಿಯಲ್ಲಿ ಕುಳಿತು ಪಾಠ ಹೇಳಿದರೆ ಸಾಲದೆಂದು ದೂರದೂರದ ಪ್ರಾಂತಗಳಲ್ಲಿ ಶಿಬಿರಗಳನ್ನು ನಡೆಸಿದರು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಹಿಂದಿ ರೂಪವಾದ 'ಬರ್ನಮ್ ವನ'ವನ್ನು 1979ರಲ್ಲಿ ಯಕ್ಷಗಾನದ ಶೈಲಿಯಲ್ಲಿ ಆಡಿಸಿದರು. ಇಂಗ್ಲೆಂಡಿನ ಕವಿಯ ಕೃತಿ, ಹಿಂದಿಯ ಮಾತು, ಕರಾವಳಿಯ ಕುಣಿತ ಇವು ಹೀಗೆ ದಿಲ್ಲಿಯಲ್ಲಿ ಕೈಹಿಡಿದು ನಡೆದವು. 1981ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಅವರಿಗೆ ಸಂದಿತು.

ಅನಂತರ ಭೋಪಾಲದ ಭಾರತ ಭವನದಲ್ಲಿ 'ರಂಗಮಂಡಲ'ವೆಂಬ ತಂಡವನ್ನು ಕಟ್ಟಿ, ಬುಂದೇಲಿಯಂಥ ಆಡುಮಾತುಗಳನ್ನು ರಂಗಕ್ಕೆ ತಂದರು. ಆ ಕೆಲಸ ದುಃಖದಲ್ಲಿ ಕೊನೆಗೊಂಡಿತು. 1986ರಲ್ಲಿ ತಂಡದ ನಟಿಯೊಬ್ಬರು ತೀವ್ರವಾದ ಸುಟ್ಟಗಾಯಗಳಿಗೆ ತುತ್ತಾದ ಘಟನೆಯಲ್ಲಿ ಕಾರಂತರು ಬಂಧನಕ್ಕೊಳಗಾದರು. ಜೀವನಚರಿತ್ರೆ ಬರೆಯುವವರು ಇದನ್ನು ಮರೆಮಾಚಬಾರದೆಂದು ನಮ್ಮ ಅಭಿಪ್ರಾಯ. ಅರುವತ್ತರ ಹೊಸ್ತಿಲಲ್ಲಿ, ಹೆಸರಿಗೂ ಮನಸ್ಸಿಗೂ ಇಂಥ ಪೆಟ್ಟು ಬಿದ್ದ ಮನುಷ್ಯ ಮತ್ತೆ ಮೇಲೇಳುವುದು ಸುಲಭವಲ್ಲ. ಕಾರಂತರು ಎದ್ದರು. 1989ರಲ್ಲಿ ಮೈಸೂರಿನಲ್ಲಿ ಕರ್ನಾಟಕ ಸರಕಾರ ಸ್ಥಾಪಿಸಿದ 'ರಂಗಾಯಣ'ಕ್ಕೆ ಮೊದಲ ನಿರ್ದೇಶಕರಾಗಿ ನಾಡಿಗೆ ಹಿಂತಿರುಗಿ, 1995ರವರೆಗೆ ಹೊಸ ನಟನಟಿಯರನ್ನು ತಿದ್ದಿ ಬೆಳೆಸಿದರು. ಪು. ತಿ. ನ. ಅವರ ಗೀತನಾಟಕ 'ಗೋಕುಲ ನಿರ್ಗಮನ'ವನ್ನು ರಂಗಕ್ಕೆ ತಂದು, ಓದಿಗಷ್ಟೇ ಮೀಸಲೆಂದು ತಿಳಿಯಬಹುದಾಗಿದ್ದ ಕಾವ್ಯವನ್ನು ಜನರ ಕಿವಿಗೂ ಕಣ್ಣಿಗೂ ಮುಟ್ಟಿಸಿದರು.

2002ನೆಯ ಇಸವಿ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಕಾರಂತರು ತೀರಿಕೊಂಡರು. ಅವರು ಆಡಿಸಿದ ನಾಟಕಗಳು ನೂರಕ್ಕೂ ಮಿಕ್ಕು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕನ್ನಡದವು, ಅನಂತರದ ಪಾಲು ಹಿಂದಿಯದು. ಬ್ಯಾಂಕಿನ ಖಾತೆಯಂತೆ ಎರಡು ಕಡೆಯೂ ಬರೆದು ನೋಡಿದರೆ, ಹೊರನಾಡು ಅವರಿಂದ ಎಷ್ಟು ಪಡೆಯಿತೋ ಅಷ್ಟನ್ನೇ ಅವರಿಗೂ ಕೊಟ್ಟಿದೆ. ಕಾಶಿಯಿಲ್ಲದಿದ್ದರೆ ಅವರ ರಾಗಗಳಿಲ್ಲ. ದಿಲ್ಲಿಯಿಲ್ಲದಿದ್ದರೆ ಬೆಂಗಳೂರಿನ ಆ ಬಯಲು ನಾಟಕಗಳೂ ಇರುತ್ತಿರಲಿಲ್ಲವೇನೋ. ವೈದೇಹಿಯವರ ನಿರೂಪಣೆಯಲ್ಲಿ ಹೊರಬಂದ ಅವರ ಆತ್ಮಕಥನದ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಹೊರನಾಡ ಕನ್ನಡಿಗರಲ್ಲಿ ಈ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲದವರು ಯಾರು? ನಮ್ಮ ಸ್ಥಿತಿಯೂ ಅದೇ. ಊರಿಗೆ ಹೋದರೆ ದಿಲ್ಲಿಯವರು, ದಿಲ್ಲಿಯಲ್ಲಿ ಮದರಾಸಿಗಳು. ಆದರೆ ಕಾರಂತರು ಆ ನಡುವಿನ ಜಾಗದಲ್ಲಿ ಕೊರಗುತ್ತ ಕೂರದೆ, ಅಲ್ಲಿಯೇ ಹಾರ್ಮೋನಿಯಂ ಇಟ್ಟುಕೊಂಡು ಕೆಲಸಮಾಡಿದರು. ಹೋದಲ್ಲಿಯ ಮಾತನ್ನು ಕಲಿತರು, ತಮ್ಮ ಚೆಂಡೆಯನ್ನು ಕೈಬಿಡಲಿಲ್ಲ.

ಅವರು ಮಕ್ಕಳಿಗಾಗಿ 'ಪಂಜರ ಶಾಲೆ' ಎಂಬ ನಾಟಕ ರಚಿಸಿದ್ದಾರೆ. ರವೀಂದ್ರರ ಕಥೆಯನ್ನು ಆಧರಿಸಿದುದು ಅದು. ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ದೊಡ್ಡವರು ಗಿಳಿಯನ್ನೇ ಮರೆಯುವ ಕಥೆ. ಶಾಲೆ ಟ್ಯೂಷನ್ನುಗಳ ನಡುವೆ ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದಿರಬಹುದು; ಹಾಡಲು, ಕುಣಿಯಲು, ಡಬ್ಬ ಬಡಿದು ತಾಳ ಹಾಕಲು ಖಂಡಿತ ಬರುತ್ತದೆ. ಮುಂದಿನ ರಾಜ್ಯೋತ್ಸವಕ್ಕೆ ಸಂಘದ ಮಕ್ಕಳಿಂದ ಈ ನಾಟಕವನ್ನು ಆಡಿಸುವ ಮನಸ್ಸನ್ನು ನಮ್ಮ ಸದಸ್ಯ ಬಂಧುಗಳು ಮಾಡಲಿ ಎಂದು ಹಾರೈಸುತ್ತೇವೆ. ಕಾರಂತರ ಸ್ಮರಣೆಗೆ ಅದಕ್ಕಿಂತ ಒಳ್ಳೆಯ ಕಾಣಿಕೆ ನಮಗೆ ತೋರದು.