ಬಾಪೂಜಿಯವರ ಮಿತವ್ಯಯ

ಮಿತವ್ಯಯವೆಂದರೆ ಬಡವರ ಪಾಡು, ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಬಿಟ್ಟುಬಿಡತಕ್ಕ ಗುಣ ಎಂದು ಬಹುಕಾಲ ನಾನು ತಿಳಿದಿದ್ದೆನು. ಮಹಾತ್ಮಾ ಗಾಂಧಿಯವರ ಜೀವನವನ್ನು ಓದಿದ ಮೇಲೆ ಆ ತಿಳಿವಳಿಕೆ ತಪ್ಪೆಂದು ಕಂಡುಬಂದಿತು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಗಾಂಧೀಜಿಯವರು ದಿವಾನರ ಮಗ. 1888ರಲ್ಲಿ ಲಂಡನ್ನಿಗೆ ಹೋದಾಗ ಮೊದಮೊದಲು ಅವರೂ ಉಡುಪು, ನೃತ್ಯ, ಪಿಟೀಲುಗಳಿಗೆ ಹಣ ಸುರಿದರು. ಆದರೆ ದಿನದ ಲೆಕ್ಕವನ್ನು ಬರೆದಿಡುವ ಅಭ್ಯಾಸ ಅವರನ್ನು ಎಚ್ಚರಿಸಿತು. ಎರಡು ಕೋಣೆಗಳನ್ನು ಬಿಟ್ಟು ಒಂದರಲ್ಲಿ ವಾಸಿಸಿದರು. ಗಾಡಿಯ ಬಾಡಿಗೆ ಉಳಿಸಿ ಮೈಲುಗಟ್ಟಲೆ ನಡೆದರು. ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡರು.

ದಕ್ಷಿಣ ಆಫ್ರಿಕದಲ್ಲಿ ಈ ಅಭ್ಯಾಸವು ಒಂದು ಊರಿನ ಬಾಳ್ವೆಯೇ ಆಯಿತು. 1910ರಲ್ಲಿ ಗೆಳೆಯ ಕಾಲೆನ್‌ಬಾಕ್ ಕೊಟ್ಟ ಭೂಮಿಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ನೆಲೆಗೊಂಡಿತು. ಅಲ್ಲಿ ಆಳುಗಳಿರಲಿಲ್ಲ. ಗೋಧಿಯನ್ನು ಕೈಬೀಸುಕಲ್ಲಿನಲ್ಲಿಯೇ ಬೀಸುತ್ತಿದ್ದರು. ಬಳಸಿದ ನೀರನ್ನು ಬಕೆಟ್ಟುಗಳಲ್ಲಿ ಕೂಡಿಟ್ಟು ಗಿಡಗಳಿಗೆ ಹಾಕುತ್ತಿದ್ದರು. ತರಕಾರಿಯ ಸಿಪ್ಪೆ, ಉಳಿದ ಕೂಳು, ಮಲ ಕೂಡ ಮಣ್ಣು ಸೇರಿ ಗೊಬ್ಬರವಾಗುತ್ತಿದ್ದವು. ಸ್ವಂತ ಕೆಲಸಕ್ಕೆ 21 ಮೈಲು ದೂರದ ಜೊಹಾನ್ಸ್‌ಬರ್ಗಿಗೆ ಹೋಗುವವರು ನಡೆದೇ ಹೋಗಬೇಕು.

1915ರಲ್ಲಿ ಸ್ವದೇಶಕ್ಕೆ ಮರಳಿದ ವರ್ಷವೇ ಮುಂಬಯಿಯಲ್ಲಿ ಅವರು ಎರಡಂಗುಲದ ಪೆನ್ಸಿಲ್ ತುಂಡೊಂದಕ್ಕಾಗಿ ಹುಡುಕಾಡಿದ್ದನ್ನು ಕಾಕಾ ಕಾಲೇಲ್ಕರರು ಕಂಡಿದ್ದರು. ಅದು ಮದರಾಸಿನ ಒಬ್ಬ ಬಾಲಕನು ಪ್ರೀತಿಯಿಂದ ಕೊಟ್ಟದ್ದು. ನಮ್ಮ ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಹಿಂದೆ ಉಪಾಧ್ಯಾಯರಾಗಿದ್ದ ಇದೇ ಕಾಲೇಲ್ಕರರು 1930ರಲ್ಲಿ ಯರವಡಾ ಸೆರೆಮನೆಯಲ್ಲಿ ಮತ್ತೊಂದು ಪಾಠ ಕಲಿತರು: ಹಲ್ಲುಜ್ಜಿದ ಬೇವಿನ ಕಡ್ಡಿಯನ್ನು ಎಸೆಯದೆ, ಸವೆದ ತುದಿಯನ್ನಷ್ಟೇ ಕತ್ತರಿಸಿ ಮರುದಿನಕ್ಕೆ ಇಟ್ಟುಕೊಳ್ಳುವುದು. ಬಂದ ಲಕೋಟೆಗಳನ್ನು ಮಗುಚಿ ಮತ್ತೆ ಬಳಸುವುದೂ ಗಾಂಧೀಜಿಯವರ ರೂಢಿಯಾಗಿತ್ತು.

1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ಜರುಗಿತು. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ಎಲ್ಲ ಏರ್ಪಾಡುಗಳೂ ನಡೆದವು. ತಮಗಾಗಿ ಕಟ್ಟಿದ ಬಿದಿರು ಖಾದಿಗಳ ಬಿಡಾರವೂ ಅವರಿಗೆ ಅತಿಯಾಗಿ ತೋರಿತು. 1936ರಿಂದ ಅವರು ಸೇವಾಗ್ರಾಮದ ಮಣ್ಣಿನ ಗೋಡೆಯ ಕುಟೀರದಲ್ಲಿ ನೆಲಸಿದರು. 1948ರ ಜನವರಿ 30ರಂದು ದಿವಂಗತರಾದಾಗ ಅವರು ಬಿಟ್ಟುಹೋದ ಸ್ವಂತ ಸಾಮಾನು ಒಂದು ಸಣ್ಣ ಗಂಟಿಗೆ ಸಾಲುವಷ್ಟೇ ಇತ್ತು.

ಇನ್ನು ನನ್ನದೊಂದು ಮಾತು. ನಾನು ಗುಂಜಿಯವನು; ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ನಮ್ಮ ಅವ್ವ ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದ್ದಾಳೆ. ಅನ್ನ ಬೆಂದೊಡನೆ ಒಲೆಯ ಕೊಳ್ಳಿಯನ್ನು ಹಿಂದೆಳೆದು ಆರಿಸಿ ನಾಳೆಗೆ ಇಡುತ್ತಾಳೆ. ಅದೇ ಕೆಂಡದ ಮೇಲೆ ಸಾರಿನ ಪಾತ್ರೆಯಿಡುತ್ತಾಳೆ. ಪಟ್ಟಣದ ಗೆಳೆಯನೊಬ್ಬ ಮನೆಗೆ ಬಂದಾಗ ಇದನ್ನೆಲ್ಲ ಕಂಡು ನಗುವನೇನೋ ಎಂದು ನಾನು ನಾಚಿಕೆಪಟ್ಟಿದ್ದೆ. ಅವ್ವನಿಗೆ ಹಾಗೆ ಮಾಡಬೇಡವೆಂದೂ ಹೇಳಿದ್ದೆ. ಆಕೆ ಏನೂ ಅನ್ನಲಿಲ್ಲ. ಕೊಳ್ಳಿಯನ್ನು ಮಾತ್ರ ಎಂದಿನಂತೆ ಹಿಂದೆಳೆದಳು. ಕಾಡಿನಿಂದ ಆ ಸೌದೆಯನ್ನು ತಲೆಯ ಮೇಲೆ ಹೊತ್ತು ತಂದವಳು ಅವಳು, ನಾನಲ್ಲ.

ಟಾಲ್‌ಸ್ಟಾಯ್ ಫಾರ್ಮಿನ ವಿವರವನ್ನು ಓದಿದ ದಿನ ನಾನು ನಮ್ಮ ಹಿತ್ತಿಲನ್ನೇ ಓದಿದಂತಾಯಿತು. ಬ್ಯಾರಿಸ್ಟರರು ಪರೀಕ್ಷಿಸಿ ಕಂಡುಕೊಂಡುದನ್ನು ಅಕ್ಷರವರಿಯದ ತಾಯಿ ದಿನವೂ ನಡೆಸುತ್ತಿದ್ದಳು. ಬರಿದಾದ ತರಗತಿಯಲ್ಲಿ ಉರಿಯುವ ದೀಪ, ತಿರುಗುವ ಪಂಖ, ಒಂದೇ ಮಗ್ಗುಲು ಬರೆದು ಎಸೆದ ಕಾಗದ ಇವು ವಿದ್ಯಾವಂತರಾದ ನಮ್ಮ ಕೆಲಸ. ಓದು ನಮಗೆ ಇದನ್ನು ಕಲಿಸದಿರಲಿ. ಹೊರಡುವಾಗ ದೀಪವಾರಿಸುವ ಕೈಗೆ ಪದವಿಯಿಂದ ಕುಂದೇನೂ ಬಾರದು.